ಪರೀಕ್ಷಾ ರೋಗಿ ಒಂದು

ನಾಳೆ ಹತ್ತಕ್ಕೆ ಉದ್ಘಾಟನೆ. ಪಂಚಾಯತು ಅಧ್ಯಕ್ಷೆ ಗುಂಡಿ ಒತ್ತುತ್ತಾರೆ,
ಮನೆಮನೆ ಆರೈಕೆಯ ಆ್ಯಪು ಕಣ್ಣು ಬಿಡುತ್ತದೆ.
ಅಷ್ಟರೊಳಗೆ ಅಳಿಸಬೇಕು ನಾನು
ಆಡಿಸಿ ನೋಡಲೆಂದು ಹುಟ್ಟಿಸಿದ ಸುಳ್ಳು ರೋಗಿಗಳನ್ನೆಲ್ಲ.

ವಿದ್ಯಾನಗರದ ಆಫೀಸಿನಲ್ಲಿ ಒಂದು ಫ್ಯಾನು, ನಾನು,
ಕೆಳಗೆ ಪ್ರೆಸ್ಸಿನವರು ಶಟರು ಎಳೆದ ಸದ್ದು.
ಹದಿನಾಲ್ಕು ಹೆಸರು. ‘ಅಅಅ’, ವಯಸ್ಸು ಒಂಬೈನೂರು.
‘ಕಾಲುನೋವು ಕಮಲ’. ನನ್ನದೇ ಹೆಸರು, ಹಿಂದುಮುಂದಾಗಿ.
ಒಂದೊಂದನ್ನೇ ಒತ್ತಿದೆ. ‘ಖಚಿತವೇ?’ ಎಂದಿತು. ಹೂಂ ಎಂದೆ.
ಸತ್ತರೂ ಸೂತಕವಿಲ್ಲದ ಮಂದಿ.

ಕೊನೆಗೆ ಉಳಿದದ್ದು ‘ಪರೀಕ್ಷಾ ರೋಗಿ ೧’.
ಹೆಣ್ಣು. ಕಾರ್ಡ್ ಸಂಖ್ಯೆ: ಹತ್ತು ಸೊನ್ನೆ.
ಮನೆ: ಸೀತಾಂಗೋಳಿಯಾಚೆ, ಪದವಿನ ಮೇಲೆ,
ಎಲ್ಲಿ ಮನೆಯೇ ಇರಲಾರದೆಂದುಕೊಂಡೆನೋ ಅಲ್ಲಿ
ನಕ್ಷೆಗೆ ಬೆರಳೂರಿ ಇಟ್ಟ ಚುಕ್ಕಿ.
ಅವಳ ಹೆಸರಿನ ಕೆಳಗೆ ಹನ್ನೊಂದು ಭೇಟಿ.

ನಾನು ಹಾಕಿದ್ದು ಒಂದೇ.
ಉಳಿದ ಹತ್ತು ಮಲಯಾಳದಲ್ಲಿ, ಬುಧವಾರ ಬುಧವಾರ.
ಎಡಗಾಲು, ಮೂರನೆಯ ಬೆರಳು. ತೊಳೆದು ಕಟ್ಟಿದೆ.
ಸಕ್ಕರೆ ಮುನ್ನೂರ ಹತ್ತು.
ಸಕ್ಕರೆ ಇನ್ನೂರ ಅರವತ್ತು. ಚಪ್ಪಲಿ ಕೊಟ್ಟೆ.
ಕೊನೆಯದು: ‘ಮುರಿವ್ ಉಣಙ್ಙುನ್ನು.’
ಉಣಙ್ಙು, ಒಣಗು. ಎರಡು ನುಡಿಗಳ ನಡುವೆ
ಗಾಯದ ಬಟ್ಟೆಯಷ್ಟೇ ತೆಳುವಾದ ಒಂದು ಪದರ.

ಸುಹರಾ ಸಿಸ್ಟರಿಗೆ ಫೋನು ಮಾಡಿದೆ, ರಾತ್ರಿ ಒಂಬತ್ತೂವರೆ.
ಹಿಂದೆ ಕುಕ್ಕರು ಕೂಗುತ್ತಿತ್ತು.
‘ನಿನ್ನ ಆ್ಯಪು ಕೆಂಪಾಗಿ ಹೇಳಿತಲ್ಲ ಮೋಳೇ,
ಈ ರೋಗಿಯನ್ನು ಮೂವತ್ತು ದಿನದಿಂದ ಯಾರೂ ನೋಡಿಲ್ಲ ಅಂತ.
ಹೋದೆ. ಜೀಪು ಹತ್ತುವುದಿಲ್ಲ, ಡ್ರೈವರ್ ಬಯ್ದ, ನಡೆದೆ.
ಕೆಂಪುಕಲ್ಲಿನ ಕೋರೆ ಉಂಟು ಅಲ್ಲಿ, ನಿನ್ನ ನಕ್ಷೆಯಲ್ಲಿ ಇಲ್ಲ.
ಶೀಟಿನ ಶೆಡ್ಡು. ಕೆಲಸದವರಿಗೆ ಅನ್ನ ಬೇಯಿಸುವ ಹೆಂಗಸು,
ಬಾಗಲಕೋಟೆ ಕಡೆ. ಕಾಲಿಗೆ ಗೋಣಿ ಸುತ್ತಿಕೊಂಡಿದ್ದಳು.
ಬಿಚ್ಚುವಾಗ “ಯವ್ವಾ” ಅಂದಳು.
ನೋವನ್ನು ಕರೆದಳೋ ನನ್ನನ್ನೋ, ಗೊತ್ತಾಗಲಿಲ್ಲ.
ಹೆಸರು ಪರೀಕ್ಷಾ ಅಲ್ಲವಂತೆ, ದ್ಯಾಮವ್ವ.
ನಿನ್ನ ಆ್ಯಪಿನಲ್ಲಿ ಎಲ್ಲರ ಹೆಸರೂ ತಪ್ಪೇ ಅಲ್ಲವಾ ಬರುವುದು,
ಇದೂ ಹಾಗೇ ಅಂತ ಗ್ರಹಿಸಿದ್ದು ನಾನು.’

‘ಹೊಸದಾಗಿ ಸೇರಿಸಬಹುದಿತ್ತಲ್ಲ ಸಿಸ್ಟರ್?’
‘ನೋಡಿದೆ. ನಕ್ಷತ್ರ ಬಿಡಲಿಲ್ಲ.’

ನಕ್ಷತ್ರ ನನ್ನದೇ. ಕಾರ್ಡ್ ಸಂಖ್ಯೆಯ ಪಕ್ಕ,
ಕೆಂಪಗೆ, ಸಾಸಿವೆಯಷ್ಟು: ಇದನ್ನು ತುಂಬದೆ ಮುಂದೆ ಹೋಗಲಾಗದು.
ಸಭೆಯಲ್ಲಿ ಯಾರೋ ಕೇಳಿದ್ದರು, ಹಾಕಿದ್ದೆ.
ಒಂದು ಸಾಲು, ಒಂದು ನಿಮಿಷ, ಆಮೇಲೆ ಚಹಾ ಬಂದಿತ್ತು.
ಗಡಿ ಅಂದರೆ ತಲಪಾಡಿಯ ಗೇಟು ಅಂತ
ಇಷ್ಟು ದಿನ ತಿಳಿದಿದ್ದೆ.

ತೆಗೆಯುವುದಕ್ಕೂ ಒಂದೇ ಸಾಲು.
ಆದರೆ ಅದರ ಹಿಂದೆ ವರದಿ, ವರದಿಯ ಹಿಂದೆ ಮದ್ದಿನ ಲೆಕ್ಕ,
ಲೆಕ್ಕದ ಹಿಂದೆ ಸಂಖ್ಯೆ ಕೇಳದೆ ತೆರೆಯದ ಕೋಣೆಗಳು.
ಒಂದೂವರೆಗೆ ಎಲ್ಲ ಕುಸಿದು ಬಿತ್ತು.
ಮೂರಕ್ಕೆ ನಿಂತಿತು,
ಒಂದು ಕಾಲಿನ ಮೇಲೆ.

ಹತ್ತಕ್ಕೆ ಗುಂಡಿ ಒತ್ತಿದರು. ಚಪ್ಪಾಳೆ, ಲಡ್ಡು.
ಕ್ಲಾರ್ಕ್ ಗೋಪಿನಾಥನ್ ಪಕ್ಕಕ್ಕೆ ಬಂದು ಪಿಸುಗುಟ್ಟಿದರು:
‘ಒಂದು ಎಂಟ್ರಿಗೆ ನಂಬರೇ ಇಲ್ಲ. ಬಗ್ ಅಲ್ಲವಾ ಅದು?’

ಬಗ್ಗಿ ನೋಡಿದೆ. ದ್ಯಾಮವ್ವ.
ಹೆಸರು ತಿದ್ದಿದ್ದೆ. ಸೊನ್ನೆಗಳನ್ನು ಕಿತ್ತಿದ್ದೆ.
ವಯಸ್ಸಿನ ಜಾಗದಲ್ಲಿ ಮಾತ್ರ
ಮೊದಲ ದಿನ ಸುಮ್ಮನೆ ಒತ್ತಿದ ತೊಂಬತ್ತೊಂಬತ್ತು
ಹಾಗೇ ಕುಳಿತಿತ್ತು.

‘ಹೌದು, ಬಗ್ಗೇ,’ ಎಂದೆ. ‘ವಯಸ್ಸು ತಪ್ಪಿದೆ.
ಬುಧವಾರ ಹೋಗಿ ಕೇಳಿಕೊಂಡು ಬರುತ್ತೇನೆ.’